ಆರುನೂರ ನಲವತ್ತು ಸನ್ನೆಗಳು

ನಂಜನಗೂಡು
12 ಫೆಬ್ರವರಿ 2024

ಚೈತ್ರಾ,

ಕಾಗದ ನೋಡಿ ಗಾಬರಿಯಾಗಬೇಡ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಾವೆಲ್ಲ ಎಂದರೆ ನಾನೊಬ್ಬಳೇ. ಬರೆಯುವ ಅಭ್ಯಾಸದಲ್ಲಿ ಹಾಗೆ ಬಂತು.

ಫೋನಿನಲ್ಲಿ ನಾನು ‘ಊಟ ಆಯ್ತಾ’ ಎಂದು ಕಳಿಸುತ್ತೇನೆ, ನೀನು ಹೆಬ್ಬೆಟ್ಟಿನ ಚಿತ್ರ ಕಳಿಸುತ್ತೀಯ. ನಿಮ್ಮಪ್ಪ ಹೋಗಿ ನಾಲ್ಕು ತಿಂಗಳಾಯಿತು, ಅಂದಿನಿಂದ ನಮ್ಮಿಬ್ಬರ ನಡುವೆ ಇರುವುದು ಇಷ್ಟೇ. ಮೊನ್ನೆ ಪಾತ್ರೆ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಫೋನನ್ನು ಮೇಲಕ್ಕೆ ಜರುಗಿಸುತ್ತಾ ಹೋದೆ. ಊಟ, ಹೆಬ್ಬೆಟ್ಟು, ಊಟ, ಹೆಬ್ಬೆಟ್ಟು. ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಕಾಗದವಾದರೆ ಪೂರ್ತಿ ವಾಕ್ಯ ಬರೆಯಲೇಬೇಕಾಗುತ್ತದೆ ಎಂದು ಕೂತಿದ್ದೇನೆ.

ವಿಷಯ ಏನೆಂದರೆ, ನೀನೂ ನಿಮ್ಮಪ್ಪನೂ ಸೇರಿ ಮಾಡಿದ ಸನ್ನೆಭಾಷೆಯ ಸೈಟು ತೆರೆಯುತ್ತಿಲ್ಲ. ಪದವನ್ನು ಒತ್ತಿದರೆ ಒಂದು ಚಕ್ರ ತಿರುಗುತ್ತಲೇ ಇರುತ್ತದೆ, ವಿಡಿಯೋ ಬರುವುದಿಲ್ಲ. ತಗಡೂರಿನ ಚನ್ನಯ್ಯ ಎಂಬ ಗಿರಾಕಿ ಕೊಳಗ ಕೊಳ್ಳಲು ಬಂದಿದ್ದರು. ಅವರ ಮೊಮ್ಮಗುವಿಗೆ ಕಿವಿ ಕೇಳಿಸುವುದಿಲ್ಲವಂತೆ. “ಅಕ್ಕಾ, ನಿಮ್ ಯಜಮಾನ್ರು ಮೊಬೈಲ್‌ನಾಗೆ ಅದೇನೋ ಮಾಡಿ ಬುಟ್ಟವ್ರಲ್ಲ, ನಮ್ ಮಗೀಗೂ ಕಲ್ಸನ ಅಂದ್ರೆ ಬರೀ ಸುತ್ತತಾ ಅದೆ ಕಣಕ್ಕಾ” ಎಂದರು. ಅದಕ್ಕೇನಾದರೂ ಮಾಡಲಾಗುವುದಾದರೆ ಮಾಡು. ಪಾಪ, ಮಗು.

ನಿನ್ನ ಅಮ್ಮ,
ಸರ್ವಮಂಗಳಾ


ತಿ. ನರಸೀಪುರ
21 ಫೆಬ್ರವರಿ 2024

ಅಮ್ಮನಿಗೆ,

ನಂಜನಗೂಡಿನಿಂದ ಇಲ್ಲಿಗೆ ಬಸ್ಸಿನಲ್ಲಿ ಒಂದು ಗಂಟೆ. ನಿನ್ನ ಕಾಗದಕ್ಕೆ ಐದು ದಿನ ಬೇಕಾಯಿತು. ಮೈಸೂರಿಗೆ ಹೋಗಿ ಬಂದಿದೆ ಎಂದು ಮುದ್ರೆ ನೋಡಿ ತಿಳಿಯಿತು.

ಸೈಟು ನಿಧಾನವಾಗಿರುವುದು ನನಗೂ ಗೊತ್ತು. ನಮ್ಮ ಆರುನೂರ ನಲವತ್ತು ವಿಡಿಯೋಗಳೂ ಅಮೆರಿಕದಲ್ಲಿರುವ ಒಂದೇ ಒಂದು ಕಂಪ್ಯೂಟರಿನಲ್ಲಿವೆ. ನಂಜನಗೂಡಿನಲ್ಲಿ ಕೂತು ‘ಅಕ್ಕಿ’ ಎಂಬ ಪದ ಒತ್ತಿದರೆ, ಅಪ್ಪ ಬಾಯಲ್ಲಿ ‘ಅಕ್ಕಿ’ ಎಂದು ಹೇಳಿ ಕೈಯಲ್ಲಿ ತೋರಿಸುವ ಆ ಎಂಟು ಸೆಕೆಂಡು ಸಮುದ್ರ ದಾಟಿ ಬರಬೇಕು. ಹಿಂದೆ ನೋಡುವವರು ಕಡಿಮೆ ಇದ್ದರು, ನಡೆಯುತ್ತಿತ್ತು. ಜನವರಿಯಿಂದ ಹಾಸನದ ಕಡೆಯ ಒಂದು ಕಿವುಡ ಮಕ್ಕಳ ಶಾಲೆಯವರು ಶನಿವಾರದ ಪೋಷಕರ ತರಗತಿಯಲ್ಲಿ ನಮ್ಮ ಸೈಟು ಬಳಸುತ್ತಿದ್ದಾರೆ. ನಲವತ್ತು ಜನ ಅಪ್ಪ ಅಮ್ಮಂದಿರು ಒಂದೇ ಸಲ ‘ನೀರು’ ಒತ್ತುತ್ತಾರೆ. ಸೈಟು ಕುಸಿಯುತ್ತದೆ.

ನಾನು ಕೆಲಸ ಮಾಡುವ ಡಿಟಿಪಿ ಸೆಂಟರಿನ ಪ್ರೇಮ್‌ಕುಮಾರ್ ಅವರು ಇದಕ್ಕೆ ಸಿಡಿಎನ್ ಹಾಕಬೇಕು ಎಂದು ಟೈಪ್ ಮಾಡಿ ತೋರಿಸಿದರು. ಕಂಟೆಂಟ್ ಡೆಲಿವರಿ ನೆಟ್‌ವರ್ಕ್. ನಿನಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ಪಾತ್ರೆ ತಯಾರಾಗುವುದು ಎಲ್ಲೋ ದೂರದಲ್ಲಿ. ಆದರೆ ಬಿಳಿಗೆರೆಯವರು ಒಂದು ತಟ್ಟೆಗಾಗಿ ಅಲ್ಲಿಗೆ ಹೋಗುವುದಿಲ್ಲ, ನಮ್ಮ ಅಂಗಡಿಗೆ ಬರುತ್ತಾರೆ. ಹಾಗೆಯೇ ವಿಡಿಯೋಗಳ ಪ್ರತಿಗಳನ್ನು ಬೆಂಗಳೂರು, ಚೆನ್ನೈ, ಮುಂಬೈ ಹೀಗೆ ಅಲ್ಲಲ್ಲಿ ಇಡುತ್ತಾರೆ. ಕೇಳಿದವರಿಗೆ ಹತ್ತಿರದ ಪ್ರತಿ ಹೋಗುತ್ತದೆ. ಮೂಲ ಎಲ್ಲಿತ್ತೋ ಅಲ್ಲೇ ಇರುತ್ತದೆ. ನನಗೆ ಈ ಕೆಲಸ ಹೊಸದು. ಕಲಿತು ಮಾಡುತ್ತೇನೆ.

ಇನ್ನೊಂದು ವಿಷಯ. ಅಪ್ಪನ ಕಾರ್ಯದ ದಿನ ನಿನಗೆ ಒಂದು ಚೀಟಿ ಕೊಟ್ಟಿದ್ದೆ. ‘ಐದು ದಿನ ಆಸ್ಪತ್ರೆಯಲ್ಲಿದ್ದರೂ ನನ್ನನ್ನು ಯಾಕೆ ಕರೆಸಲಿಲ್ಲ? ಕೊನೆಗೆ ಅಪ್ಪ ಏನಾದರೂ ಹೇಳಿದರೇ?’ ನೀನು ಅದರ ಹಿಂಬದಿಯಲ್ಲಿ ‘ಆಮೇಲೆ ಹೇಳುತ್ತೇನೆ’ ಎಂದು ಬರೆದು ವಾಪಸು ಕೊಟ್ಟೆ. ಆ ಆಮೇಲೆ ಇನ್ನೂ ಬಂದಿಲ್ಲ.

ಚೈತ್ರ


ನಂಜನಗೂಡು
9 ಮಾರ್ಚ್ 2024

ಚೈತ್ರಾ,

ಅಂಗಡಿಯ ಉದಾಹರಣೆ ಕೊಟ್ಟದ್ದರಿಂದ ಅರ್ಥವಾಯಿತು.

ನಿನ್ನೆ ಶಿವರಾತ್ರಿ. ಉಪವಾಸವಿದ್ದೆ, ಒಬ್ಬಳಿಗೇ ಅಡುಗೆ ಮಾಡುವ ಕಷ್ಟ ತಪ್ಪಿತು. ನಿನ್ನ ಸೋದರತ್ತೆ ರುದ್ರಮ್ಮ ಬಂದು ಸಂಜೆಯವರೆಗೆ ಕೂತಿದ್ದರು. ಅವರು ಹೋದ ಮೇಲೆ, ಯಾಕೋ ನೀನು ಎಂಟು ತಿಂಗಳ ಕೂಸಾಗಿದ್ದಾಗಿನ ಒಂದು ದಿನ ನೆನಪಾಯಿತು. ನಿನ್ನನ್ನು ಅಂಗಡಿಯಲ್ಲಿ ಗೋಣಿಚೀಲದ ಮೇಲೆ ಮಲಗಿಸಿದ್ದೆ. ಅಟ್ಟದಿಂದ ಸ್ಟೀಲ್ ತಟ್ಟೆಗಳ ಸಾಲು ಪೂರ್ತಿ ಜಾರಿ ನಿನ್ನಿಂದ ಎರಡು ಮೊಳ ದೂರಕ್ಕೆ ಬಿತ್ತು. ಬೀದಿಯ ಆ ತುದಿಯಿಂದ ಜನ ಓಡಿ ಬಂದರು. ನೀನು ನಿದ್ದೆಯಿಂದ ಏಳಲೇ ಇಲ್ಲ. “ಮಗೀಗೇನೂ ಆಗ್ಲಿಲ್ವಲ್ಲ, ಶಿವ ಕಾಪಾಡ್ದ ಬುಡಿ” ಎಂದು ಎಲ್ಲರೂ ಸಮಾಧಾನಪಟ್ಟುಕೊಂಡು ಹೋದರು. ನಿಮ್ಮಪ್ಪ ಮಾತ್ರ ಹೋಗಲಿಲ್ಲ. ಒಂದು ತಟ್ಟೆ ಎತ್ತಿಕೊಂಡು ನಿನ್ನ ಕಿವಿಯ ಹತ್ತಿರ ಹಿಡಿದು ಸೌಟಿನಿಂದ ಹೊಡೆದರು. ಮತ್ತೆ ಹೊಡೆದರು. ಹೊಡೆಯುತ್ತಲೇ ಇದ್ದರು. ನಾನೇ ಅವರ ಕೈ ಹಿಡಿದು ನಿಲ್ಲಿಸಬೇಕಾಯಿತು.

ನಿನ್ನನ್ನು ಮೈಸೂರಿನ ಶಾಲೆಗೆ ಸೇರಿಸಿದ ಮೇಲೆ ಪ್ರತಿ ಶನಿವಾರ ಅವರೂ ಹೋಗಿ ಸನ್ನೆ ಕಲಿತರು. ಆಗ ಅಂಗಡಿಯಲ್ಲಿ ಯಾರಾದರೂ ಕೂರಬೇಕಿತ್ತು, ನಾನು ಕೂತೆ. ನಾನು ಕೂತದ್ದರಿಂದ ಅವರು ಹೋದರು. ಇದನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. ನೀವಿಬ್ಬರೂ ಊಟಕ್ಕೆ ಕೂತರೆ ಬಲಗೈ ಎಂಜಲೆಂದು ಎಡಗೈಯಲ್ಲೇ ಏನೇನೋ ಹೇಳಿಕೊಂಡು ನಗುತ್ತಿದ್ದಿರಿ. ‘ಏನಂತೆ’ ಎಂದು ಕೇಳಿದರೆ ನಿಮ್ಮಪ್ಪ “ಏನಿಲ್ಲ ಬುಡು” ಎನ್ನುತ್ತಿದ್ದರು. ಹತ್ತು ಮಾತಿಗೆ ಒಂದು ಮಾತು ನನ್ನವರೆಗೆ ಬರುತ್ತಿತ್ತು.

ಸೈಟಿನ ಕೆಲಸ ಎಲ್ಲಿಗೆ ಬಂತು? ಆ ಮಗು ಕಾಯುತ್ತಿದೆ.

ಅಮ್ಮ


ತಿ. ನರಸೀಪುರ
24 ಮಾರ್ಚ್ 2024

ಅಮ್ಮನಿಗೆ,

ಕೆಲಸ ಅರ್ಧ ಆಯಿತು, ಅರ್ಧ ಕೆಟ್ಟಿತು. ಸಿಡಿಎನ್ ಹಾಕಬೇಕಾದರೆ ನಮ್ಮ ಸೈಟಿನ ಹೆಸರು ಕೇಳಿದವರನ್ನು ಎಲ್ಲಿಗೆ ಕಳಿಸಬೇಕು ಎಂಬ ವಿಳಾಸವನ್ನು ಬದಲಾಯಿಸಬೇಕು. ಅದನ್ನು ಬರೆಯುವಾಗ ಒಂದು ಅಂಕಿ ತಪ್ಪಿತು. ಎರಡು ದಿನ ಸೈಟು ಎಲ್ಲಿಯೂ ಇರಲಿಲ್ಲ. ಮೈಸೂರಿನ ಶಾಲೆಯಲ್ಲಿ ನನಗೆ ಕಲಿಸಿದ ವಾಣಿ ಮೇಡಂ ವಿಡಿಯೋ ಕರೆ ಮಾಡಿ ‘ಸೈಟು ಸತ್ತಿತೇ?’ ಎಂದು ಕೈಯಲ್ಲಿ ಕೇಳಿದರು. ಅವರೂ ಕಿವುಡರು, ನಾವು ಹೀಗೆ ನೇರವಾಗಿ ಕೇಳುತ್ತೇವೆ. ಅಪ್ಪ ಇದ್ದಿದ್ದರೆ ಅಂಕಿಯನ್ನು ಎರಡನೇ ಸಲ ಓದಿ ನೋಡುತ್ತಿದ್ದರು. ನಾನೊಬ್ಬಳೇ ಓದಿದೆ. ಈಗ ಸರಿಪಡಿಸಿದ್ದೇನೆ.

ತಪ್ಪು ಹುಡುಕುವಾಗ ಸೈಟಿನ ದಾಖಲೆಗಳನ್ನೆಲ್ಲ ಓದಬೇಕಾಯಿತು. ಯಾವ ಪದವನ್ನು ಯಾವ ಹೊತ್ತಿನಲ್ಲಿ ಎಂಥ ಫೋನಿನಿಂದ ತೆರೆದರು ಎಂದು ಅದರಲ್ಲಿರುತ್ತದೆ. ನವೆಂಬರಿನಿಂದ ಒಂದೇ ಒಂದು ಫೋನು ಪ್ರತಿದಿನ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಬಂದಿದೆ. ‘ಅಂಗಡಿ’ಯಿಂದ ಶುರುಮಾಡಿ ಒಂದೊಂದೇ ಪದ. ತೆರೆಯದಿದ್ದರೆ ಐದು ಸಲ, ಆರು ಸಲ ಪ್ರಯತ್ನಿಸಿದೆ. ಅದು ಅಪ್ಪನ ಫೋನಿನ ಮಾದರಿ. ಅಂಥ ಹಳೆಯ ಫೋನನ್ನು ಈಗ ಬೇರೆ ಯಾರೂ ಇಟ್ಟುಕೊಂಡಿಲ್ಲ. ಎರಡರಿಂದ ನಾಲ್ಕು, ನಮ್ಮ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು.

ತಗಡೂರಿನ ಮಗು ಇದೆಯೇ ಅಮ್ಮ?

ಕೆಲಸದ ಮಾತು ಒಂದು ಉಳಿಯಿತು. ಅಪ್ಪನ ಕೆಲವು ಸನ್ನೆಗಳು ತಪ್ಪಾಗಿವೆ ಎಂದು ವಾಣಿ ಮೇಡಂ ಬಹಳ ದಿನದಿಂದ ಹೇಳುತ್ತಿದ್ದಾರೆ. ಕಿವಿ ಕೇಳುವವರು ದೊಡ್ಡವರಾದ ಮೇಲೆ ಕಲಿತರೆ ಬೆರಳು ಹಾಗೆಯೇ, ಪರಭಾಷೆಯವರು ಮಾತಾಡಿದ ಹಾಗೆ. ಅಂಥ ನಲವತ್ತಮೂರು ವಿಡಿಯೋಗಳನ್ನು ತೆಗೆದು ಅವರದನ್ನು ಹಾಕಲಿದ್ದೇನೆ.

ಚೈತ್ರ


ನಂಜನಗೂಡು
2 ಏಪ್ರಿಲ್ 2024

ಚೈತ್ರಾ,

ಚನ್ನಯ್ಯ ಇರುವುದು ನಿಜ. ಕೊಳಗ ಕೊಂಡದ್ದೂ ನಿಜ. ಮೊಮ್ಮಗುವಿನ ಕಿವಿ ಚೆನ್ನಾಗಿದೆ.

ನಿಮ್ಮಪ್ಪನ ಫೋನಿಗೆ ನಾನು ಈಗಲೂ ಕರೆನ್ಸಿ ಹಾಕಿಸುತ್ತೇನೆ.

ಆ ನಲವತ್ತಮೂರನ್ನು ತೆಗೆಯಬೇಡ. ತಪ್ಪಿದ್ದರೂ ಇರಲಿ, ಅವರು ಮಾಡಿದ ಹಾಗೆಯೇ ಇರಲಿ. ಯಾಕೆ ಎಂದು ಈಗ ಕೇಳಬೇಡ.

ಅಮ್ಮ


ತಿ. ನರಸೀಪುರ
20 ಏಪ್ರಿಲ್ 2024

ಅಮ್ಮನಿಗೆ,

ನಿನ್ನ ಕಾಗದ ನನ್ನ ಕೈ ಸೇರುವ ಮೊದಲೇ ನಾನು ಆ ವಿಡಿಯೋಗಳನ್ನು ಬದಲಾಯಿಸಿದ್ದೆ. ಆದರೆ ನಿನಗೆ ಅದು ತಿಳಿದಿರಲಾರದು. ನಿನ್ನ ಫೋನಿಗೆ ಬರುವುದು ಬೆಂಗಳೂರಿನಲ್ಲಿರುವ ಪ್ರತಿ. ಅದನ್ನು ಮೂವತ್ತು ದಿನ ಇಟ್ಟುಕೊಳ್ಳಿ ಎಂದು ನಾನೇ ಹೇಳಿದ್ದೆ. ಇಲ್ಲಿ ಮೂಲದಲ್ಲಿ ವಾಣಿ ಮೇಡಂ ಇದ್ದಾರೆ, ಅಲ್ಲಿ ನಿನ್ನ ಮುಂದೆ ಇನ್ನೂ ಅಪ್ಪ ಇದ್ದಾರೆ. ಹಳೆಯ ಪ್ರತಿಗಳನ್ನೆಲ್ಲ ಒಂದೇ ಸಲಕ್ಕೆ ಅಳಿಸುವ ಒಂದು ಗುಂಡಿ ಇದೆ. ಅದರ ಮೇಲೆ ಮೌಸಿನ ಬಾಣವಿಟ್ಟೆ. ಒತ್ತಲಿಲ್ಲ. ಮೂವತ್ತು ದಿನ ತುಂಬುವ ಮೊದಲು ಅಪ್ಪನ ವಿಡಿಯೋಗಳನ್ನೂ ಪಕ್ಕದಲ್ಲೇ ಮತ್ತೆ ಸೇರಿಸಿದ್ದೇನೆ. ಇನ್ನು ಎರಡೂ ಇರುತ್ತವೆ.

ಸೈಟು ಈಗ ವೇಗವಾಗಿದೆ. ಹಾಸನದವರು ಸಂತೋಷಪಟ್ಟರು. ಒಂದು ವಿಷಯ ನಿನಗೆ ಹೇಳಬೇಕು. ಯಾವುದೇ ವಿಡಿಯೋವನ್ನು ಒಂದು ಪ್ರದೇಶದಲ್ಲಿ ಮೊದಲು ಕೇಳಿದವರಿಗೆ ಅದು ಅಮೆರಿಕದಿಂದಲೇ ಬರುತ್ತದೆ. ಅವರು ಕಾಯಬೇಕು. ಆಮೇಲೆ ಪ್ರತಿ ಅಲ್ಲಿ ಉಳಿಯುತ್ತದೆ, ನಂತರ ಕೇಳಿದವರಿಗೆ ಕೂಡಲೇ ಸಿಗುತ್ತದೆ. ನಮ್ಮ ಕಡೆ ಆರುನೂರ ನಲವತ್ತರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಮೊದಲು ಕೇಳಿದವಳು ನೀನು. ಬೇರೆಯವರ ಪಾಲಿನ ಕಾಯುವಿಕೆಯನ್ನೂ ನೀನೇ ಕಾದಿದ್ದೀಯ.

ಎರಡನೆಯ ಸಲದಿಂದ ವಿಡಿಯೋ ಬೆಂಗಳೂರಿನಿಂದಲೇ ಬರುವುದರಿಂದ ನನ್ನ ದಾಖಲೆಯಲ್ಲಿ ಏನೂ ಬೀಳುವುದಿಲ್ಲ. ನೀನು ಈಗ ಏನು ನೋಡುತ್ತೀಯ, ಎಷ್ಟು ಸಲ ನೋಡುತ್ತೀಯ, ನನಗೆ ಕಾಣುವುದಿಲ್ಲ. ಕೆಲಸ ಸರಿಯಾಗಿ ಆದದ್ದರಿಂದಲೇ ಕಾಣುವುದಿಲ್ಲ.

ನನಗೆ ಸಿಟ್ಟಿದೆ ಅಮ್ಮ, ಬರೆದುಬಿಡುತ್ತೇನೆ. ನೀನು ಊಟದ ಹೊತ್ತಿನ ಮಾತು ಬರೆದಿದ್ದೆ. ನೆಂಟರು ಬಂದಾಗ ನೀವೆಲ್ಲ ನಗುತ್ತಿದ್ದಿರಿ. ‘ಏನಂತೆ’ ಎಂದು ನಾನು ನಿನ್ನ ಸೆರಗು ಎಳೆದರೆ ನೀನು ‘ಏನಿಲ್ಲ’ ಎಂದು ಕೈ ಬೀಸುತ್ತಿದ್ದೆ. ನಿನ್ನಿಂದ ನಾನು ಕಲಿತ ಒಂದೇ ಸನ್ನೆ ಅದು. ಇಪ್ಪತ್ತು ವರ್ಷ ನಾನು ಒಂದೇ ಮನೆಯಲ್ಲಿ ನಿನ್ನ ಎದುರಿಗೆ ಇದ್ದೆ. ಆಗ ಕಲಿಯದವಳು ಈಗ ಒಬ್ಬಳೇ ಕೂತು ಫೋನಿನಲ್ಲಿ ಏನನ್ನು ಹುಡುಕುತ್ತಿದ್ದೀಯ?

ಚೈತ್ರ


ತಿ. ನರಸೀಪುರ
28 ಮೇ 2024

ಅಮ್ಮನಿಗೆ,

ಐದು ವಾರವಾಯಿತು, ನೀನು ಬರೆದಿಲ್ಲ. ಫೋನಿನಲ್ಲಿ ‘ಊಟ ಆಯ್ತಾ’ ಕೂಡ ನಿಂತಿದೆ. ನಾನು ಬರೆದದ್ದು ಹೆಚ್ಚಾಯಿತೇನೋ. ಆದರೆ ಸುಳ್ಳಲ್ಲ.

ಮೊನ್ನೆ ರಜೆ ಹಾಕಿ ಬಿಳಿಗೆರೆಯ ಮೇಲೆ ಬರುವ ಬಸ್ಸು ಹತ್ತಿದೆ. ನಂಜನಗೂಡಿನಲ್ಲಿ ಇಳಿದು ಅಂಗಡಿಯವರೆಗೆ ನಡೆದು ಬಂದೆ. ಮೂರು ಗಂಟೆ. ಎದುರು ಸಾಲಿನ ಬಾಳೆಹಣ್ಣಿನ ಗಾಡಿಯ ಪಕ್ಕ ನಿಂತೆ. ನೀನು ಅಪ್ಪನ ಫೋನನ್ನು ಒಂದು ತಂಬಿಗೆಗೆ ಒರಗಿಸಿಕೊಂಡು ಕೂತಿದ್ದೆ. ನೋಡುವುದು, ಕೈ ಆಡಿಸುವುದು, ಮತ್ತೆ ನೋಡುವುದು. ನಿನ್ನ ಕೈ ಹಾಗೆ ಆಡುವುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ‘ಉಪ್ಪು’ ಮಾಡುತ್ತಿದ್ದೆ. ಬೆರಳು ತಪ್ಪಾಗಿತ್ತು.

ಅಷ್ಟರಲ್ಲಿ ಯಾರೋ ಇಬ್ಬರು ಹೆಂಗಸರು ಅಂಗಡಿ ಹತ್ತಿದರು. ನೀನು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೆ.

ರಸ್ತೆ ದಾಟಬೇಕೆಂದಿದ್ದೆ, ದಾಟಲಿಲ್ಲ. ದಾಟಿ ಬಂದು ಏನು ಮಾಡುವುದು ಎಂದು ತಿಳಿಯಲಿಲ್ಲ. ಬಂದಿದ್ದರೆ ನೀನು ಚೀಟಿ ಹುಡುಕುತ್ತಿದ್ದೆ, ನಾನು ಪೆನ್ನು ಹುಡುಕುತ್ತಿದ್ದೆ. ಅದೇ ಬಸ್ಸಿಗೆ ವಾಪಸು ಬಂದೆ.

ಚೈತ್ರ


ನಂಜನಗೂಡು
6 ಜೂನ್ 2024

ಚೈತ್ರಾ,

ನೀನು ಅಷ್ಟು ದೂರ ಬಂದು ಎದುರಿಗೇ ನಿಂತಿದ್ದೆ ಎಂದು ಓದಿದ ಮೇಲೆ ಆ ಬಾಳೆಹಣ್ಣಿನ ಗಾಡಿಯನ್ನು ನೋಡಲಾಗುತ್ತಿಲ್ಲ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನೀನು ಚೀಟಿಯಲ್ಲಿ ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ನಿಮ್ಮಪ್ಪನಿಗೆ ಮೊದಲು ಬರೀ ಜ್ವರವಿತ್ತು. ಮೈಸೂರಿಗೆ ಕರೆದುಕೊಂಡು ಹೋದ ಮೇಲೆ ಎದೆಯಲ್ಲಿ ಸೋಂಕು ಎಂದರು. ಎರಡನೆಯ ದಿನ ಬಾಯಿಗೆ ಉಸಿರಾಟದ ಕೊಳವೆ, ಮೂಗಿಗೆ ಊಟದ ಕೊಳವೆ ಹಾಕಿದರು. ಮಾತು ನಿಂತಿತು. ನಿನಗೆ ಹೇಳಿ ಕಳಿಸೋಣ ಎಂದು ನಾನು ಹೇಳಿದೆ. ರುದ್ರಮ್ಮ, “ಆ ಮಗು ಬಂದು ಏನ್ ಮಾಡೀತು? ಯಾರ್ ಏನಂದ್ರೂ ಅದ್ಕೆ ಕೇಳಾಕಿಲ್ಲ, ಇಲ್ಲಿ ಅಳ್ತಾ ಕೂತ್ಕತದೆ. ಉಸಾರಾದ್ಮೇಲೆ ಯೋಳುವ” ಎಂದರು. ಅವರ ಮೇಲೆ ತಪ್ಪು ಹೊರಿಸುತ್ತಿಲ್ಲ. ಬೇಡ ಎಂದದ್ದು ಅವರು, ಸುಮ್ಮನಾದದ್ದು ನಾನು. ವಾಸಿಯಾಗಿ ಬರುತ್ತಾರೆ ಎಂದೇ ನಂಬಿದ್ದೆ.

ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ ಹೋದಾಗ ಕಣ್ಣು ಬಿಟ್ಟಿದ್ದರು. ನನ್ನನ್ನು ನೋಡಿ ಬಲಗೈ ಎತ್ತಿದರು. ಹೆಬ್ಬೆರಳು, ತೋರುಬೆರಳು ಕೂಡಿಸಿ ಮೂಗಿನ ಎಡಗಡೆಗೆ ತಂದು, ಏನನ್ನೋ ತಿರುಪುವ ಹಾಗೆ ಎರಡು ಸಲ ತಿರುಗಿಸಿದರು. ಕೈ ಬಿತ್ತು. ಮತ್ತೆ ಎತ್ತಿ ಅದನ್ನೇ ಮಾಡಿದರು. ನರ್ಸು ಓಡಿ ಬಂದು ಕೈ ಹಿಡಿದುಕೊಂಡಳು. “ಅಮ್ಮಾ, ಪೈಪ್ ಕಿತ್ಕೊಳ್ಳಕ್ ನೋಡ್ತಾವ್ರೆ, ಬೆಳಗ್ಗಿಂದ ಇದೇ ಆಗದೆ. ಕೈ ಕಟ್ಬೇಕಾಯ್ತದೆ, ಮನೆಯವ್ರು ಒಪ್ಗೆ ಕೊಡ್ಬೇಕು, ಇಲ್ಲಿ ರುಜು ಹಾಕಿ” ಎಂದಳು. ಅವಳದೇನೂ ತಪ್ಪಿಲ್ಲ. ಕೊಳವೆ ಕಿತ್ತರೆ ಜೀವಕ್ಕೇ ಅಪಾಯ ಎಂದಳು. ನಾನು ರುಜು ಹಾಕಿದೆ. ಬಿಳಿ ಬಟ್ಟೆಯ ಪಟ್ಟಿಯಿಂದ ಎರಡೂ ಕೈಗಳನ್ನು ಮಂಚದ ಕಂಬಿಗೆ ಕಟ್ಟಿದರು. ನಾನು ನೋಡುತ್ತಾ ನಿಂತಿದ್ದೆ.

ಸಂಜೆ ಹೋದಾಗ ಕಟ್ಟಿದ್ದ ಕೈಯ ಬೆರಳುಗಳು ಹಾಸಿಗೆಯ ಮೇಲೇ ತಿರುಪುತ್ತಿದ್ದವು. ಹೆಬ್ಬೆರಳು, ತೋರುಬೆರಳು, ಎರಡು ಸಲ. ಮೂಗು ಅಷ್ಟು ದೂರ, ಕೊಳವೆ ಅಷ್ಟು ದೂರ. ಕೀಳುವವರ ಬೆರಳು ಹಾಗೆ ಆಡುವುದಿಲ್ಲವಲ್ಲ ಎಂದು ಆಗ ನನಗೆ ಹೊಳೆಯಿತು. ಕಟ್ಟು ಬಿಚ್ಚಿ ಎಂದು ಕೇಳುವಷ್ಟರಲ್ಲಿ ಹೊತ್ತು ಮುಗಿಯಿತು ಎಂದು ಹೊರಗೆ ಕಳಿಸಿದರು. ಮಾರನೆಯ ಬೆಳಿಗ್ಗೆ ಹೋಗಿಬಿಟ್ಟಿದ್ದರು.

ಅವರು ಸನ್ನೆಯಲ್ಲಿ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ. ನೀನಿದ್ದಿದ್ದರೆ ಒಂದು ಕ್ಷಣದಲ್ಲಿ ಅರ್ಥವಾಗುತ್ತಿತ್ತು. ಇದನ್ನು ನಿನಗೆ ಹೇಗೆ ಹೇಳಲಿ? ಅದೇನೆಂದು ನಾನೇ ಕಂಡುಹಿಡಿದು, ಉತ್ತರ ಕೈಯಲ್ಲಿಟ್ಟುಕೊಂಡು ಹೇಳೋಣ ಎಂದು ಶುರುಮಾಡಿದೆ. ಅದಕ್ಕೇ ಅವರ ಕೈ ತಪ್ಪಿದ್ದರೂ ಇರಲಿ ಎಂದದ್ದು. ಆರುನೂರ ನಲವತ್ತನ್ನೂ ಎರಡು ಸಲ ನೋಡಿದೆ. ‘ಮೂಗು’, ‘ಉಸಿರು’, ‘ವಾಸನೆ’, ‘ನೆಗಡಿ’. ಯಾವುದೂ ಅದಲ್ಲ. ‘ಸಾಕು’ ಅಲ್ಲ, ‘ಬಿಡು’ ಅಲ್ಲ, ‘ಮಗಳು’ ಅಲ್ಲ.

ಕೊಳವೆ ತೆಗೆದು ನನ್ನನ್ನು ಕಳಿಸಿಕೊಡಿ ಎಂದರೇ? ನಿನ್ನನ್ನು ಕರೆಸು ಎಂದರೇ? ನನಗೆ ನೋವಾಗುತ್ತದೆ ಎಂದು ಬದಲಾಯಿಸಿ ಹೇಳಬೇಡ. ಏನಿದೆಯೋ ಅದನ್ನೇ ಬರೆ.

ಅಮ್ಮ


ತಿ. ನರಸೀಪುರ
19 ಜೂನ್ 2024

ಅಮ್ಮನಿಗೆ,

ನಿನ್ನ ಕಾಗದವನ್ನು ಸೆಂಟರಿನಲ್ಲಿ ಒಡೆದೆ. ಓದಿ ಮುಗಿಸಿ ಸಂಗಮದ ಕಡೆ ನಡೆದು ಹೋದೆ. ಮೆಟ್ಟಿಲ ಮೇಲೆ ಕೂತೆ. ಪ್ರೇಮ್‌ಕುಮಾರ್ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕೂತರು. ಅವರಿಗೆ ಸನ್ನೆ ಬರುವುದಿಲ್ಲ. ಬಿಸಿಲು ಇಳಿದ ಮೇಲೆ ಎದ್ದು ಬಂದೆವು.

ಬದಲಾಯಿಸದೆ ಬರೆಯುತ್ತಿದ್ದೇನೆ.

ನೀನು ಹುಡುಕಿದ್ದು ಸೈಟಿನಲ್ಲಿ ಇಲ್ಲ. ಅದು ಪದವಲ್ಲ, ಹೆಸರು. ನಮ್ಮ ಭಾಷೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಹೆಸರಿರುತ್ತದೆ. ಅಕ್ಷರ ಅಕ್ಷರವಾಗಿ ಹೇಳುವುದಿಲ್ಲ, ಆ ಮನುಷ್ಯರನ್ನು ನೋಡಿದ ಕೂಡಲೇ ಏನು ಕಾಣುತ್ತದೋ ಅದೇ ಹೆಸರು. ಕಿವುಡರು ಮಾತ್ರ ಹೆಸರಿಡಬಹುದು. ನಾನು ಏಳು ವರ್ಷದವಳಾಗಿದ್ದಾಗ ದಸರಾ ರಜೆಯಲ್ಲಿ ಇಡೀ ದಿನ ಮನೆಯಲ್ಲಿದ್ದೆ. ನಿನ್ನ ಮೂಗುತಿಯ ತಿರುಪು ಸಡಿಲವಾಗಿತ್ತು. ನೀನು ಮಾತಾಡುವಾಗ, ಪಾತ್ರೆ ಒರೆಸುವಾಗ, ಸುಮ್ಮನೆ ಕೂತಾಗಲೂ ಎರಡು ಬೆರಳಿನಲ್ಲಿ ಅದನ್ನು ತಿರುಪುತ್ತಲೇ ಇದ್ದೆ. ಬಹುಶಃ ನಿನಗೇ ಗೊತ್ತಿರಲಿಲ್ಲ. ಎಡಗಡೆ, ಎರಡು ಸಲ. ನಾನು ಅಪ್ಪನಿಗೆ ಹಾಗೆ ಮಾಡಿ ತೋರಿಸಿದೆ. ಅಪ್ಪ ತುಂಬಾ ನಕ್ಕರು. ಅಂದಿನಿಂದ ಅದು ನಿನ್ನ ಹೆಸರು.

ಅಪ್ಪ ನಿನ್ನನ್ನು ಕರೆದರು, ಅಮ್ಮ. ಅಷ್ಟೇ. ಮುಂದೆ ಏನು ಹೇಳಬೇಕೆಂದಿದ್ದರೋ ನನಗೂ ಗೊತ್ತಿಲ್ಲ. ನಾನಿದ್ದಿದ್ದರೂ ಅಷ್ಟೇ ಗೊತ್ತಾಗುತ್ತಿತ್ತು, ‘ಅಮ್ಮನನ್ನು ಕರೆಯುತ್ತಿದ್ದಾರೆ’ ಎಂದು ನಿನಗೆ ತೋರಿಸುತ್ತಿದ್ದೆ. ಬಾಯಿ ಮುಚ್ಚಿತ್ತು. ನಿನ್ನನ್ನು ಕರೆಯಲು ಅವರಲ್ಲಿ ಉಳಿದಿದ್ದ ಹೆಸರು ಅದೊಂದೇ. ಅದು ನಿನಗೆ ತಿಳಿಯುವುದಿಲ್ಲ ಎಂಬುದನ್ನು ಆ ಹೊತ್ತಿನಲ್ಲಿ ಮರೆತಿರಬೇಕು. ಇಪ್ಪತ್ತು ವರ್ಷ ನಾವಿಬ್ಬರೂ ದಿನಕ್ಕೆ ಹತ್ತು ಸಲ ಆಡಿದ ಹೆಸರು. ಅಂಗಡಿಯಲ್ಲಿ ನೀನು ಸುಸ್ತಾಗಿದ್ದೀಯ, ನಿನಗೆ ಆ ನೀಲಿ ಸೀರೆ ಚೆನ್ನಾಗಿ ಒಪ್ಪುತ್ತದೆ, ನೀನು ಸಿಟ್ಟಾಗಿದ್ದೀಯ ಈಗ ಏನೂ ಕೇಳಬಾರದು. ಅಪ್ಪ ‘ಏನಿಲ್ಲ ಬುಡು’ ಎನ್ನುತ್ತಿದ್ದ ಮಾತುಗಳು ಹೆಚ್ಚಾಗಿ ಇಂಥವೇ. ನಿನಗೆ ಆ ಹೆಸರನ್ನು ಒಮ್ಮೆಯೂ ತೋರಿಸಲಿಲ್ಲ. ಅದು ನಮ್ಮಿಬ್ಬರ ತಪ್ಪು.

ಅಪ್ಪನ ಕೈ ಕಟ್ಟಿದ್ದನ್ನು ಎರಡು ಸಲ ಓದಿದೆ. ಕಿವುಡರಿಗೆ ಅದು ಬಾಯಿಗೆ ಬಟ್ಟೆ ತುರುಕಿದ ಹಾಗೆ. ನಿನಗೆ ತಿಳಿದಿರಲಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದರೂ ‘ಪರವಾಗಿಲ್ಲ’ ಎಂಬ ಪದ ಬರೆಯಲು ಹೋದಾಗ ಪೆನ್ನು ನಿಂತಿತು. ಮೂರು ಸಲ ಪ್ರಯತ್ನಿಸಿದೆ. ಅದಕ್ಕೇ ಕಾಗದ ತಡವಾಯಿತು. ಆ ಪದವಿಲ್ಲದೆಯೇ ಕಳಿಸುತ್ತಿದ್ದೇನೆ.

ಚೈತ್ರ


ನಂಜನಗೂಡು
2 ಜುಲೈ 2024

ಚೈತ್ರಾ,

ಕಾಗದ ತಲುಪಿದ ದಿನ ಅಂಗಡಿಯ ಬಾಗಿಲು ಎಳೆದುಕೊಂಡೆ. ಮರುದಿನ ತೆರೆಯಲಿಲ್ಲ. ಪಕ್ಕದ ಅಂಗಡಿಯವರು “ಯಾಕಕ್ಕಾ, ಉಸಾರಿಲ್ವಾ” ಎಂದು ಮನೆಯವರೆಗೆ ಬಂದರು. ಇದ್ದೇನೆ ಎಂದೆ.

ಕರೆದಾಗ ಪಕ್ಕದಲ್ಲೇ ಇದ್ದೆ. ಓ ಎನ್ನಲಿಲ್ಲ. ಇದರ ಜೊತೆ ಹೇಗಿರುವುದೋ ನನಗಿನ್ನೂ ತಿಳಿದಿಲ್ಲ. ಆದರೆ ಅವರು ಬೇರೇನನ್ನೋ ಕೇಳಿದರು, ನಾನು ಕೊಡಲಿಲ್ಲ ಎಂದು ಎಂಟು ತಿಂಗಳು ಬೆಂದಿದ್ದೆ. ಆ ಬೇಗೆ ಹೋಗಿ ಇದು ಬಂದಿದೆ. ಇದೇ ಇರಲಿ, ನಿಜವಾದದ್ದು.

ನೀನು ಬರೆಯಲಾಗದ ಪದವನ್ನು ಬರೆಯಬೇಡ. ಸುಮ್ಮನೆ ಬರೆದಿದ್ದರೆ ನನಗೆ ಗೊತ್ತಾಗುತ್ತಿತ್ತು.

ಅವರ ಕಾರ್ಯದ ದಿನ ನನ್ನ ಮೂಗುತಿಯನ್ನೂ ತೆಗೆಸಿದ್ದರು. ತೂತು ಮುಚ್ಚಿಹೋಗಿದೆಯೇನೋ ಎಂದು ಕನ್ನಡಿ ಹಿಡಿದು ನೋಡಿದೆ. ಪೂರ್ತಿ ಮುಚ್ಚಿಲ್ಲ. ಕೊಬ್ಬರಿ ಎಣ್ಣೆ ಸವರಿ ನಿಧಾನವಾಗಿ ಹಾಕಿಕೊಂಡೆ. ಸ್ವಲ್ಪ ರಕ್ತ ಬಂತು. ರುದ್ರಮ್ಮ ನೋಡಿ ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿದರು.

ಹದಿನಾಲ್ಕನೇ ತಾರೀಕು ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಅಲ್ಲಿಗೆ ಬರುತ್ತೇನೆ. ಪೆನ್ನು, ಚೀಟಿ ತರುವುದಿಲ್ಲ. ಎಂಟು ತಿಂಗಳಲ್ಲಿ ನೂರಿನ್ನೂರು ಪದ ಬಂದಿದೆ, ಬೆರಳು ತಪ್ಪಿದರೆ ತಿದ್ದು. ಆದರೆ ಬಸ್ಸಿನಿಂದ ಇಳಿದು ನಿನ್ನನ್ನು ಹೇಗೆ ಕರೆಯಬೇಕೆಂದೇ ನನಗೆ ಗೊತ್ತಿಲ್ಲ. ಆರುನೂರ ನಲವತ್ತರಲ್ಲಿ ನಿನ್ನ ಹೆಸರೂ ಇಲ್ಲ. ಅದನ್ನು ಕಾಗದದಲ್ಲಿ ಬರೆದು ಕಳಿಸಬೇಡ. ನಾನು ಇಳಿದ ಮೇಲೆ ಮಾಡಿ ತೋರಿಸು.

ಅಮ್ಮ